ಹಳೇ ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಹಾಕೋದಾ, ಸರ್ವರ್ ಹಾಕೋದಾ?

ವಿಜಯಪುರದಲ್ಲಿ ಕಂಪ್ಯೂಟರ್ ಅಷ್ಟು ಸುಲಭಕ್ಕೆ ಗುಜರಿಗೆ ಹೋಗುವುದಿಲ್ಲ. ಮೊದಲು ಮಾಲೀಕರ ಟೇಬಲ್ ಮೇಲಿರುತ್ತದೆ. ಹೊಸದು ಬಂದ ಮೇಲೆ ಲೆಕ್ಕ ಬರೆಯುವವರ ಟೇಬಲ್ಲಿಗೆ ಹೋಗುತ್ತದೆ. ಆಮೇಲೆ ಗೋದಾಮಿನ ಮೂಲೆಗೆ. ಅಲ್ಲಿಗೆ ಬಂದಾಗ ಯಾರಿಗಾದರೂ ಒಂದು ಯೋಚನೆ ಹೊಳೆಯುತ್ತದೆ: "ಇದನ್ನ ಸರ್ವರ್ ಮಾಡಿಬಿಟ್ರ ಹ್ಯಾಂಗ?"

ಗೊಂದಲ ಶುರುವಾಗುವುದು ಅಲ್ಲಿಂದಲೇ. ಸರ್ವರ್ ಅಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಕೊಡುತ್ತ ಕೂರುವ ಯಂತ್ರ. ರಿಪೇರಿಗೆ ಬಂದ ಹುಡುಗನ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 7 ಇರುತ್ತದೆ. ವಿಂಡೋಸ್ ಸರ್ವರ್ 2008 ಆರ್2 ಕೂಡ ಇರುತ್ತದೆ. ಉಚಿತವಾಗಿ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವಿನ 16.04 ಆವೃತ್ತಿ ಎರಡೆರಡು ಇರುತ್ತವೆ, ಒಂದರ ಹೆಸರಲ್ಲಿ ಡೆಸ್ಕ್‌ಟಾಪ್, ಇನ್ನೊಂದರ ಹೆಸರಲ್ಲಿ ಸರ್ವರ್. "ಸರ್ವರ್ ಹಾಕೇಬಿಡ್ರಿ ಸಾಹೇಬ್ರ, ಭಾಳ ಪವರ್‌ಫುಲ್ ಇರತೈತಿ" ಅನ್ನುತ್ತಾನೆ ಹುಡುಗ. ಮಾಲೀಕರು ಹೂಂ ಅನ್ನುತ್ತಾರೆ.

ಈ ಪವರ್‌ಫುಲ್ ಮಾತನ್ನು ಒಂದು ಲೆಕ್ಕದಲ್ಲಿ ನೋಡೋಣ. 64 ಬಿಟ್‌ನ ವಿಂಡೋಸ್ 7 ಪ್ರೊಫೆಷನಲ್ 192 ಜಿಬಿ ರ‍್ಯಾಮ್‌ವರೆಗೆ ಬಳಸಬಲ್ಲದು. ಸರ್ವರ್ 2008 ಆರ್2 ಸ್ಟ್ಯಾಂಡರ್ಡ್ 32 ಜಿಬಿಗೇ ನಿಂತುಬಿಡುತ್ತದೆ! ಅದಕ್ಕಿಂತ ಜಾಸ್ತಿ ಬೇಕಿದ್ದರೆ ಇನ್ನೂ ದುಬಾರಿಯಾದ ಎಂಟರ್‌ಪ್ರೈಸ್ ಆವೃತ್ತಿ ಕೊಳ್ಳಬೇಕಿತ್ತು. ಗೆರೆ ಎಳೆದದ್ದು ವ್ಯಾಪಾರದ ಲೆಕ್ಕದಲ್ಲಿ, ಶಕ್ತಿಯ ಲೆಕ್ಕದಲ್ಲಲ್ಲ. ಗೋದಾಮಿನ ಮೂಲೆಯ 4 ಜಿಬಿ ಯಂತ್ರಕ್ಕಂತೂ ಎರಡೂ ಒಂದೇ.

ಕೇಳಬೇಕಾದ್ದು ಬೇರೆ. ಆ ಕಂಪ್ಯೂಟರ್ ಮುಂದೆ ಯಾರಾದರೂ ಕೂತು ಕೆಲಸ ಮಾಡುತ್ತಾರಾ? ಇಲ್ಲಾ, ವೈರಿನ ಆ ತುದಿಯಲ್ಲಿ ಇರುವವರಿಗೆ ಉತ್ತರ ಕೊಡುವುದಷ್ಟೇ ಅದರ ಕೆಲಸವಾ? ಹಳೇ ಆಪರೇಟಿಂಗ್ ಸಿಸ್ಟಮ್ ಆದರೆ ಇನ್ನೊಂದು ಪ್ರಶ್ನೆಯೂ ಇದೆ. ಅಪ್‌ಡೇಟ್ ನಿಂತ ಮೇಲೆ ಯಾವುದನ್ನು ಇಟ್ಟುಕೊಂಡು ಬಾಳಬಹುದು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಡೆಸ್ಕ್‌ಟಾಪನ್ನು ಹೇಗೋ ಸಂಭಾಳಿಸಬಹುದು. ವಯಸ್ಸಾದ ಸರ್ವರನ್ನು ಸಂಭಾಳಿಸುವುದು ಕಷ್ಟ. ಯಾಕೆ ಅನ್ನುವುದಕ್ಕೆ ಇವೆರಡರ ಒಳಗೆ ಸ್ವಲ್ಪ ಇಣುಕಬೇಕು.

ಒಳಗಿರುವುದು ಒಂದೇ

ವಿಂಡೋಸ್ 7 ಮತ್ತು ಸರ್ವರ್ 2008 ಆರ್2 ಎರಡೂ ಮಾರುಕಟ್ಟೆಗೆ ಬಂದದ್ದು 2009ರ ಅಕ್ಟೋಬರ್ 22ರಂದು. ಎರಡರ ಒಳಗಿನ ಆವೃತ್ತಿ ಸಂಖ್ಯೆಯೂ 6.1. ಸರ್ವಿಸ್ ಪ್ಯಾಕ್ 1 ಹಾಕಿದರೆ ಎರಡರಲ್ಲೂ ಬಿಲ್ಡ್ 7601 ಅಂತ ತೋರಿಸುತ್ತದೆ. ಇಬ್ಬರಿಗೂ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತದ್ದೂ ಒಂದೇ ದಿನ, 2020ರ ಜನವರಿ 14. ಇಂಥ ಜೋಡಿಗಳು ಇನ್ನೂ ಇವೆ. ವಿಂಡೋಸ್ ವಿಸ್ತಾಗೆ ಸರ್ವರ್ 2008, ವಿಂಡೋಸ್ 8ಕ್ಕೆ ಸರ್ವರ್ 2012, 8.1ಕ್ಕೆ 2012 ಆರ್2, ವಿಂಡೋಸ್ 10ಕ್ಕೆ ಸರ್ವರ್ 2016 ಮತ್ತು 2019.

ಇದರ ಹಿಂದೆ ಒಂದು ಹಳೇ ತಮಾಷೆಯಿದೆ. 1996ರಲ್ಲಿ ವಿಂಡೋಸ್ ಎನ್‌ಟಿ 4.0 ಬಂದಾಗ ವರ್ಕ್‌ಸ್ಟೇಷನ್, ಸರ್ವರ್ ಅಂತ ಎರಡು ಹೆಸರಲ್ಲಿ, ಎರಡು ಬೆಲೆಗೆ ಮಾರಾಟವಾಯಿತು. ಆಂಡ್ರ್ಯೂ ಶುಲ್ಮನ್ ಮತ್ತು ಮಾರ್ಕ್ ರಸಿನೋವಿಚ್ ಅನ್ನುವ ಇಬ್ಬರು ಅದನ್ನು ಬಿಚ್ಚಿ ನೋಡಿದರು. ಎರಡರ ಕರ್ನಲ್ಲೂ, ಅಂದರೆ ಒಳಗಿನ ಎಂಜಿನ್ನೂ, ಒಂದೇ! ಸಿಸ್ಟಮ್ ಶುರುವಾಗುವಾಗ ಸೆಟ್ಟಿಂಗುಗಳ ಖಾತೆಯಾದ ರಿಜಿಸ್ಟ್ರಿಯ ಒಂದೆರಡು ನಮೂದುಗಳನ್ನು ನೋಡಿಕೊಂಡು, ತಾನು ವರ್ಕ್‌ಸ್ಟೇಷನ್ನೋ ಸರ್ವರ್ರೋ ಅಂತ ತೀರ್ಮಾನ ಮಾಡುತ್ತಿತ್ತು ಅಷ್ಟೆ. ಇದೇ ರಸಿನೋವಿಚ್ ಮುಂದೆ 2006ರಲ್ಲಿ ಮೈಕ್ರೋಸಾಫ್ಟ್ ಸೇರಿದರು ಅನ್ನುವುದು ಕತೆಯ ಬಾಲ.

ಹಾಗಂತ ವ್ಯತ್ಯಾಸ ಬರೀ ಹೆಸರಿನದು ಅಂದುಕೊಳ್ಳಬೇಡಿ. ಎಂಜಿನ್ ಒಂದೇ ಆದರೂ ಅದನ್ನು ಹೊಂದಿಸಿದ ರೀತಿ ಬೇರೆ.

ಮೊದಲನೆಯದು ಸಮಯದ ಹಂಚಿಕೆ. ಪ್ರೊಸೆಸರ್ ತನ್ನ ಸಮಯವನ್ನು ಚೂರು ಮಾಡಿ ಪ್ರತಿ ಪ್ರೋಗ್ರಾಮಿಗೂ ಒಂದೊಂದು ಚೂರು ಕೊಡುತ್ತದೆ. ವಿಂಡೋಸ್ 7ರಲ್ಲಿ ಒಂದು ಚೂರು ಅಂದರೆ ಗಡಿಯಾರದ 2 ಟಿಕ್. ಸರ್ವರ್‌ನಲ್ಲಿ 12 ಟಿಕ್. ಒಂದು ಟಿಕ್ ಸಾಮಾನ್ಯವಾಗಿ 15 ಮಿಲಿಸೆಕೆಂಡ್ ಆಸುಪಾಸು. ಜೊತೆಗೆ ಡೆಸ್ಕ್‌ಟಾಪ್‌ನಲ್ಲಿ ನಿಮ್ಮ ಕಣ್ಣ ಮುಂದೆ ತೆರೆದಿರುವ ವಿಂಡೋಗೆ ಉದ್ದನೆಯ ಚೂರು ಸಿಗುತ್ತದೆ. ಸರ್ವರ್‌ನಲ್ಲಿ ಆ ಪಕ್ಷಪಾತ ಇಲ್ಲ, ಎಲ್ಲರಿಗೂ ಅದೇ 12.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿರುವಾಗ ನೀವು "ಪಲ್ಯ ಹಾಕವ್ವಾ" ಅಂದರೆ, ಬಡಿಯುವುದನ್ನು ಅಲ್ಲೇ ಬಿಟ್ಟು ಎದ್ದು ಬರುತ್ತಾಳೆ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು ಹಾಗೆ ಏಳುವುದಿಲ್ಲ. ಕೂಗಿದವರಿಗೆಲ್ಲ ಎದ್ದರೆ ಯಾರಿಗೂ ರೊಟ್ಟಿ ಮುಟ್ಟುವುದಿಲ್ಲ. ಡೆಸ್ಕ್‌ಟಾಪ್‌ಗೂ ಸರ್ವರ್‌ಗೂ ಇರುವ ಫರಕು ಇದೇ. ಎದುರಿಗೆ ಕೂತವರಿಗೆ ಮೌಸ್ ಚುರುಕಾಗಿರಬೇಕು, ಟೈಪ್ ಮಾಡಿದ ಅಕ್ಷರ ತಕ್ಷಣ ಮೂಡಬೇಕು. ಆ ತುದಿಯಿಂದ ಫೈಲ್ ಕೇಳುವ ಹತ್ತು ಜನರಿಗೆ ಒಟ್ಟು ಕೆಲಸ ಬೇಗ ಮುಗಿದರೆ ಸಾಕು.

ಕುತೂಹಲ ಇದ್ದವರು ತಮ್ಮ ಯಂತ್ರದಲ್ಲೇ ಇದನ್ನು ನೋಡಬಹುದು. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್, ಅದರಲ್ಲಿ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್, ಅಲ್ಲಿ ಮತ್ತೆ ಅಡ್ವಾನ್ಸ್ಡ್. "ಪ್ರೋಗ್ರಾಮ್ಸ್" ಮತ್ತು "ಬ್ಯಾಕ್‌ಗ್ರೌಂಡ್ ಸರ್ವಿಸಸ್" ಅಂತ ಎರಡು ಗುಂಡಿ ಇರುತ್ತವೆ. ಡೆಸ್ಕ್‌ಟಾಪ್‌ನಲ್ಲಿ ಮೊದಲನೆಯದು, ಸರ್ವರ್‌ನಲ್ಲಿ ಎರಡನೆಯದು ಆಯ್ಕೆಯಾಗಿರುತ್ತದೆ. ಬೇಕಾದರೆ ಬದಲಿಸಬಹುದು. ಸರ್ವರ್‌ನ ಈ ಗುಣಕ್ಕಾಗಿಯೇ ಸರ್ವರ್ ಆವೃತ್ತಿ ಕೊಳ್ಳಬೇಕಿಲ್ಲ ಅಂತಾಯ್ತು.

ನಿಜವಾಗಿ ತಟ್ಟುವ ಮಿತಿ ಸಂಪರ್ಕಗಳದ್ದು. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಇಟ್ಟ ಷೇರ್ ಫೋಲ್ಡರನ್ನು ಏಕಕಾಲಕ್ಕೆ 10 ಯಂತ್ರಗಳು ಮಾತ್ರ ತೆರೆಯಬಹುದಿತ್ತು. ಎಕ್ಸ್‌ಪಿ ಹೋಮ್‌ನಲ್ಲಿ ಬರೀ 5. ವಿಂಡೋಸ್ 7ರಲ್ಲಿ ಅದು 20ಕ್ಕೆ ಏರಿತು. ಮಿತಿ ದಾಟಿದರೆ "ಇನ್ನು ಸಂಪರ್ಕ ಕೊಡಲಾಗದು" ಅನ್ನುವ ಅರ್ಥದ ಸಂದೇಶ ಬರುತ್ತದೆ, ಅಷ್ಟೇ. ದೂರದ ಕಂಪ್ಯೂಟರಿನಿಂದ ಬಂದು ಕೆಲಸ ಮಾಡುವ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 7 ಒಬ್ಬರನ್ನು ಮಾತ್ರ ಬಿಟ್ಟುಕೊಳ್ಳುತ್ತದೆ, ಅವರು ಬಂದರೆ ಎದುರಿಗೆ ಕೂತವರ ಪರದೆ ಲಾಕ್ ಆಗುತ್ತದೆ. ಸರ್ವರ್‌ನಲ್ಲಿ ಉಸ್ತುವಾರಿಗೆ ಅಂತ ಇಬ್ಬರು ಬರಬಹುದು. ಜಾಸ್ತಿ ಜನ ಬೇಕಿದ್ದರೆ ಪ್ರತ್ಯೇಕ ಲೈಸೆನ್ಸ್.

ಐದಾರು ಕಂಪ್ಯೂಟರ್ ಇರುವ ಒಣದ್ರಾಕ್ಷಿ ವ್ಯಾಪಾರಿಯ ಆಫೀಸಿಗೆ, ಒಂದು ಪತ್ತಿನ ಸಂಘದ ಶಾಖೆಗೆ 20 ಸಂಪರ್ಕ ಧಾರಾಳ ಸಾಕು. ಇಂಥ ಕಡೆ ಸರ್ವರ್ ಆವೃತ್ತಿ ಹಾಕಿಸಿಕೊಂಡವರನ್ನು ನೋಡಿದರೆ ನನಗೆ ಮದುವೆಯ ಸೂಟು ಹಾಕಿಕೊಂಡು ಸಂತೆಗೆ ಹೊರಟವರ ನೆನಪಾಗುತ್ತದೆ ಅಂತ ಬರೆಯುವ ಆಸೆಯಿತ್ತು. ಬೇಡ. ರೊಟ್ಟಿಯೇ ಸಾಕು.

ಸರ್ವರ್ ಮುಂದೆ ಕೂತರೆ ಏನಾಗುತ್ತದೆ

ಸರ್ವರ್ 2008 ಆರ್2 ಹಾಕಿ ಅದನ್ನೇ ದಿನಬಳಕೆಗೆ ಇಟ್ಟುಕೊಂಡವರ ಪಾಡು ಒಂದಿಷ್ಟು ಹೇಳಬೇಕು. ಲಾಗಿನ್ ಆಗಲು ಮೂರು ಕೀ ಒಟ್ಟಿಗೆ ಒತ್ತಬೇಕು. ಪಾಸ್‌ವರ್ಡ್ ಸುಮ್ನೆ ಊರಿನ ಹೆಸರು ಕೊಟ್ಟರೆ ಒಪ್ಪುವುದಿಲ್ಲ, ದೊಡ್ಡಕ್ಷರ, ಅಂಕಿ, ಚಿಹ್ನೆ ಅಂತ ಕೇಳುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದರೆ ಪ್ರತಿ ಸೈಟಿಗೂ ತಕರಾರು. ವೈಫೈ ಬೇಕಾದರೆ ಆ ಸೌಲಭ್ಯವನ್ನು ಬೇರೆಯಾಗಿ ಸೇರಿಸಬೇಕು. ಹಾಡು ಕೇಳಲು ಆಡಿಯೋ ಸರ್ವಿಸ್ ನೀವೇ ಆನ್ ಮಾಡಬೇಕು. ವಿಂಡೋಸ್ 7ರಂಥ ಚಂದದ ಕಿಟಕಿಗಳು ಬೇಕಿದ್ದರೆ ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್ ಅನ್ನುವ ತುಣುಕು ಹಾಕಬೇಕು. ಮನೆ ಬಳಕೆಯ ಎಷ್ಟೋ ಆ್ಯಂಟಿವೈರಸ್‌ಗಳು ಸರ್ವರ್ ಅಂತ ಗೊತ್ತಾದ ಕೂಡಲೇ ಇನ್‌ಸ್ಟಾಲ್ ಆಗಲ್ಲ ಅಂತ ಕೂತುಬಿಡುತ್ತವೆ.

ನನಗೆ ಅತಿ ಇಷ್ಟವಾದದ್ದು ಶಟ್‌ಡೌನ್ ಕತೆ. ಸರ್ವರ್ ಆಫ್ ಮಾಡಲು ಹೋದರೆ ಅದು ಕಾರಣ ಕೇಳುತ್ತದೆ. ಕೇಳದೆ ಆಫ್ ಆದರೆ, ಅಂದರೆ ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟರೆ, ಮುಂದಿನ ಸಲ ಲಾಗಿನ್ ಆದ ಕೂಡಲೇ ಒಂದು ಕಿಟಕಿ ತೆರೆದು ವಿಚಾರಣೆ ಶುರು: ಯಂತ್ರ ಯಾಕೆ ಹಾಗೆ ನಿಂತಿತು? ಆಯ್ಕೆಗಳ ಪಟ್ಟಿಯಲ್ಲಿ ಕರೆಂಟಿನದೇ ಎರಡು ಇರುತ್ತವೆ. ಒಂದು, ವೈರ್ ಕಿತ್ತುಬಂದಿದೆ. ಎರಡು, ಸುತ್ತಲಿನ ಪರಿಸರದ ಕಾರಣ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಎರಡನೆಯದನ್ನು ಒತ್ತಿ ಒತ್ತಿ ಲೆಕ್ಕ ಬರೆಯುವವರ ಬೆರಳು ಸವೆಯುತ್ತದೆ. ಸಾವಿರಾರು ಯಂತ್ರ ನೋಡಿಕೊಳ್ಳುವ ಡೇಟಾ ಸೆಂಟರಿಗೆ ಈ ದಾಖಲೆ ಬಂಗಾರ. ಗಾಂಧಿ ಚೌಕದ ಅಂಗಡಿಗೆ ಅದೊಂದು ಕಿರಿಕಿರಿ.

ತಿರುಗಿಸಿ ನೋಡಿದರೂ ಕಿರಿಕಿರಿ ಉಂಟು. ಡೆಸ್ಕ್‌ಟಾಪ್ ಆವೃತ್ತಿಯನ್ನು ಸರ್ವರ್ ಕೆಲಸಕ್ಕೆ ಇಟ್ಟರೆ, ಯಾರೂ ಮುಟ್ಟದಿದ್ದಾಗ ಅದು ನಿದ್ದೆಗೆ ಜಾರುತ್ತದೆ. "ಷೇರ್ ಫೋಲ್ಡರ್ ಸಿಗವಲ್ದು" ಅನ್ನುವ ದೂರುಗಳಿಗೆ ಕಾರಣ ಹುಡುಕುವಾಗ ನಾನು ಮೊದಲು ನೋಡುವುದು ಪವರ್ ಸೆಟ್ಟಿಂಗನ್ನೇ. ಸ್ಲೀಪ್‌ಗೆ "ನೆವರ್" ಅಂತ ಕೊಟ್ಟರೆ ಮುಗಿಯಿತು. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ಇದ್ದರೆ ಅದನ್ನೂ ಹಾಕಿ.

ದುಡ್ಡಿನ ಮಾತು ಚುಟುಕಾಗಿ. ವಿಂಡೋಸ್ ಸರ್ವರ್‌ಗೆ ಅದರ ಲೈಸೆನ್ಸ್ ಅಲ್ಲದೆ, ಅದನ್ನು ಬಳಸುವ ಪ್ರತಿ ಯಂತ್ರಕ್ಕೆ ಅಥವಾ ಪ್ರತಿ ವ್ಯಕ್ತಿಗೆ ಕ್ಯಾಲ್ ಅನ್ನುವ ಇನ್ನೊಂದು ಪರವಾನಗಿ ಬೇಕು. ಸಣ್ಣ ಕಚೇರಿಗಳಿಗೆ ಅಂತ 15 ಜನರ ಮಿತಿಯ ಫೌಂಡೇಷನ್ ಆವೃತ್ತಿ ಇತ್ತು, ಅದಕ್ಕೆ ಕ್ಯಾಲ್ ಬೇಕಿರಲಿಲ್ಲ. ಆದರೆ ಅದು ಹೊಸ ಯಂತ್ರದ ಜೊತೆಗೇ ಬರುತ್ತಿತ್ತು. ಪೆನ್‌ಡ್ರೈವ್‌ನಲ್ಲಿ ಬಂದ ಸರ್ವರ್ ಬಹಳ ಸಲ ಪ್ರಯೋಗದ ಪ್ರತಿ. ಸರ್ವರ್ 2012ರ ಪ್ರಯೋಗದ ಪ್ರತಿ 180 ದಿನ ಚೆನ್ನಾಗಿ ನಡೆದು, ಆಮೇಲೆ ಗಂಟೆಗೊಮ್ಮೆ ತಾನೇ ಆಫ್ ಆಗಲು ಶುರು ಮಾಡುತ್ತದೆ. ಜನ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಬದಲಿಸುತ್ತಾರೆ, ರ‍್ಯಾಮ್ ಉಜ್ಜುತ್ತಾರೆ, ಪಾಪ.

ನಿಮ್ಮನ್ನು ಹಿಂದಕ್ಕೆ ಹಿಡಿದಿರುವುದು ಯಾವುದು?

ಹಳೇ ಆಪರೇಟಿಂಗ್ ಸಿಸ್ಟಮನ್ನು ಪ್ರೀತಿಗಾಗಿ ಯಾರೂ ಇಟ್ಟುಕೊಳ್ಳುವುದಿಲ್ಲ. ಯಾವುದೋ ಒಂದು ಸಾಫ್ಟ್‌ವೇರ್, ಇಲ್ಲಾ ಒಂದು ಪ್ರಿಂಟರ್ ಕಾಲು ಹಿಡಿದಿರುತ್ತದೆ. ಅದು ಯಾವುದು ಅಂತ ಗೊತ್ತಾದರೆ ಅರ್ಧ ನಿರ್ಧಾರ ಆದಂತೆ.

ಕೆಲವು ಸಂಘಗಳಲ್ಲಿ ಡಾಸ್ ಕಾಲದ, ಫಾಕ್ಸ್‌ಪ್ರೋದಲ್ಲಿ ಬರೆದ ಲೆಕ್ಕದ ಪ್ರೋಗ್ರಾಮ್ ಇನ್ನೂ ಬದುಕಿದೆ. ಕಪ್ಪು ಪರದೆ, ಎಫ್‌2 ಒತ್ತಿದರೆ ಖಾತೆ, ಎಫ್‌5 ಒತ್ತಿದರೆ ಬಡ್ಡಿ. ಊರಿನ ಅಧಿಕೃತ ಹೆಸರು 2014ರ ನವೆಂಬರ್ 1ಕ್ಕೆ ವಿಜಯಪುರ ಆಯಿತು. ಆ ಪ್ರೋಗ್ರಾಮಿನ ರಸೀದಿಯಲ್ಲಿ ಇನ್ನೂ ಬಿಜಾಪುರವೇ ಬೀಳುತ್ತದೆ, ತಿದ್ದುವವರು ಯಾರೂ ಇಲ್ಲ. ಇಂಥ 16 ಬಿಟ್ ಪ್ರೋಗ್ರಾಮ್ ನಡೆಸುವ ವ್ಯವಸ್ಥೆ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಇದೆ. 64 ಬಿಟ್‌ನಲ್ಲಿ ಅದು ಇಲ್ಲವೇ ಇಲ್ಲ. ಸರ್ವರ್ 2008 ಆರ್2 ಬಂದದ್ದೇ 64 ಬಿಟ್‌ನಲ್ಲಿ ಮಾತ್ರ. ಹಾಗಾಗಿ ಇಲ್ಲಿ ಯೋಚಿಸುವುದೇನೂ ಉಳಿಯುವುದಿಲ್ಲ, 32 ಬಿಟ್ ವಿಂಡೋಸ್ 7 ಡೆಸ್ಕ್‌ಟಾಪ್ ಹಾಕಿ. ಸರ್ವರ್ರೇ ಬೇಕು ಅಂದರೆ ಆರ್2 ಅಲ್ಲದ ಬರೀ ಸರ್ವರ್ 2008 ಇದೆ, 32 ಬಿಟ್‌ನಲ್ಲಿ ಬಂದ ಕೊನೆಯ ವಿಂಡೋಸ್ ಸರ್ವರ್ ಅದು. ಆರ್2ದ ಹೆಸರಲ್ಲಿ ಎರಡೇ ಅಕ್ಷರ ಜಾಸ್ತಿ, ಆದರೆ ಬರೀ 2008 ವಿಸ್ತಾದ ಜೋಡಿ, ಆರ್2 ವಿಂಡೋಸ್ 7ರ ಜೋಡಿ. ಇದನ್ನು ಗಮನಿಸದೆ ತಪ್ಪು ಡಿಸ್ಕ್ ಹಾಕುವವರು ಬಹಳ.

ಡಿಟಿಪಿ ಅಂಗಡಿಗಳದ್ದು ಇನ್ನೊಂದು ಬಗೆ. ಲಗ್ನಪತ್ರಿಕೆ, ಕರಪತ್ರ ಎಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿ ಕೂತಿರುತ್ತವೆ. ಹತ್ತು ವರ್ಷದ ಫೈಲುಗಳು. ಮುಂದೆ ಮನುಷ್ಯ ಕೂರಲೇಬೇಕು, ಪ್ರಿಂಟರ್ ಡ್ರೈವರ್ ಬೇಕು, ಪರದೆ ಚುರುಕಿರಬೇಕು. ಡೆಸ್ಕ್‌ಟಾಪ್. ಇದರ ಬಗ್ಗೆ ಇನ್ನೇನು ಹೇಳುವುದು?

ಉಬುಂಟುವಿನ ದಾರಿ ಬೇರೆ

ಉಬುಂಟುವಿನಲ್ಲಿ ಈ ಜಗಳ ಹಗುರ, ಯಾಕೆಂದರೆ ಎರಡಕ್ಕೂ ದುಡ್ಡಿಲ್ಲ, ಸಂಪರ್ಕಗಳ ಮಿತಿಯೂ ಇಲ್ಲ. ಎದ್ದು ಕಾಣುವ ವ್ಯತ್ಯಾಸ ಒಂದೇ. ಸರ್ವರ್ ಹಾಕಿದರೆ ಚಿತ್ರ, ಐಕಾನ್ ಏನೂ ಇಲ್ಲದ ಕಪ್ಪು ಪರದೆ. ಡೆಸ್ಕ್‌ಟಾಪ್ ಹಾಕಿದರೆ ಮೌಸ್, ಬ್ರೌಸರ್, ಆಫೀಸ್ ಸಾಫ್ಟ್‌ವೇರ್ ಎಲ್ಲ ಸಿದ್ಧ.

ಮೊದಲು ಒಳಗೂ ಬೇರೆಯಿತ್ತು. 10.04ರ ಕಾಲದಲ್ಲಿ ಸರ್ವರ್‌ಗೆ ತನ್ನದೇ ಕರ್ನಲ್. ಡೆಸ್ಕ್‌ಟಾಪ್‌ನ ಗಡಿಯಾರ ಸೆಕೆಂಡಿಗೆ 250 ಸಲ ಮಿಡಿದರೆ ಸರ್ವರ್‌ನದು 100 ಸಲ. ನಡುವೆ ಕೆಲಸ ಕಸಿದು ಇನ್ನೊಬ್ಬರಿಗೆ ಕೊಡುವ ಅಭ್ಯಾಸ ಸರ್ವರ್‌ನಲ್ಲಿ ಇರಲಿಲ್ಲ. ಮತ್ತೆ ಅದೇ ರೊಟ್ಟಿಯ ಲೆಕ್ಕ. 12.04ರಿಂದ ಎರಡಕ್ಕೂ ಒಂದೇ ಕರ್ನಲ್ ಮಾಡಿದರು. ಬೆಂಬಲದ ಅವಧಿಯೂ ಆಗ ಸಮವಾಯಿತು. 10.04ರಲ್ಲಿ ಡೆಸ್ಕ್‌ಟಾಪ್‌ಗೆ 3 ವರ್ಷ, ಸರ್ವರ್‌ಗೆ 5 ವರ್ಷ ಇತ್ತು. ಡೆಸ್ಕ್‌ಟಾಪ್ 2013ರಲ್ಲಿ ಮುಗಿದರೂ ಸರ್ವರ್ 2015ರವರೆಗೆ ನಡೆಯಿತು. 12.04ರಿಂದ ಎರಡಕ್ಕೂ 5 ವರ್ಷ. "ಉಬುಂಟು ಸರ್ವರ್‌ಗೆ ಆಯುಸ್ಸು ಜಾಸ್ತಿ" ಅಂತ ಈಗಲೂ ಹೇಳುವವರ ಮಾತು ಆ ಕಾಲದ್ದು.

ಹಾಗಾಗಿ ಇಲ್ಲಿ ಒಂದನ್ನು ಹಾಕಿ ಇನ್ನೊಂದಕ್ಕೆ ದಾಟಬಹುದು. ಸರ್ವರ್ ಹಾಕಿದ ಮೇಲೆ ಒಂದು ಆದೇಶ ಕೊಟ್ಟರೆ ಪೂರ್ತಿ ಡೆಸ್ಕ್‌ಟಾಪ್ ಬಂದು ಕೂರುತ್ತದೆ. ಡೆಸ್ಕ್‌ಟಾಪ್ ಮೇಲೆ ವಿಂಡೋಸ್ ಯಂತ್ರಗಳಿಗೂ ಫೈಲ್ ಹಂಚುವ ಸಾಂಬಾ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಅದೇ ಫೈಲ್ ಸರ್ವರ್. ಆದರೂ ಹೊಲಿಗೆಯ ಗುರುತು ಉಳಿಯುತ್ತದೆ. 18.04ರಲ್ಲಿ ಡೆಸ್ಕ್‌ಟಾಪ್‌ನ ನೆಟ್‌ವರ್ಕನ್ನು ನೋಡಿಕೊಳ್ಳುವುದು ನೆಟ್‌ವರ್ಕ್ ಮ್ಯಾನೇಜರ್, ಸರ್ವರ್‌ನದನ್ನು ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ. ಸರ್ವರ್ ಮೇಲೆ ಡೆಸ್ಕ್‌ಟಾಪ್ ಹೊದಿಸಿದಾಗ, ಮೂಲೆಯ ನೆಟ್‌ವರ್ಕ್ ಐಕಾನ್ ಒತ್ತಿದರೆ ಕೇಬಲ್ ಇದ್ದರೂ ಇಲ್ಲ ಅನ್ನುತ್ತದೆ, ಇಂಟರ್ನೆಟ್ ಮಾತ್ರ ನಡೆಯುತ್ತಿರುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಕೆಟ್ಟಿಲ್ಲ, ಉಸ್ತುವಾರಿ ಬೇರೆಯವರ ಕೈಯಲ್ಲಿದೆ ಅಷ್ಟೇ.

ರ‍್ಯಾಮ್ ಲೆಕ್ಕದಲ್ಲಿ ಮಾತ್ರ ಸರ್ವರ್ ಗೆಲ್ಲುತ್ತದೆ. 18.04 ಡೆಸ್ಕ್‌ಟಾಪ್‌ಗೆ 4 ಜಿಬಿ ಇರಲಿ ಅಂತ ಸಲಹೆ ಇತ್ತು. ಪರದೆ ಇಲ್ಲದ ಸರ್ವರ್ ಅದರ ಕಾಲು ಭಾಗದಲ್ಲೂ ಆರಾಮಾಗಿ ಫೈಲ್ ಹಂಚುತ್ತದೆ. ಮಾನಿಟರ್, ಕೀಬೋರ್ಡ್ ತೆಗೆದಿಟ್ಟು ಬೇರೆ ಕಂಪ್ಯೂಟರಿನಿಂದ ದೂರದಿಂದ ಆದೇಶ ಕೊಡುವ ಎಸ್‌ಎಸ್‌ಎಚ್ ಮೂಲಕ ನೋಡಿಕೊಂಡರೆ ಸಾಕು.

ಮುದಿ ಸರ್ವರ್ ಯಾಕೆ ಅಪಾಯ

ಈಗ ಮುಖ್ಯ ವಿಷಯ. ಅಪ್‌ಡೇಟ್ ನಿಂತ ಮೇಲೆ ಡೆಸ್ಕ್‌ಟಾಪ್ ಮತ್ತು ಸರ್ವರ್‌ಗೆ ಕಾಯಿಲೆ ಬರುವ ಬಾಗಿಲು ಬೇರೆ ಬೇರೆ.

ಡೆಸ್ಕ್‌ಟಾಪ್‌ನ ಬಾಗಿಲು ಬ್ರೌಸರ್, ಇಮೇಲ್, ಪೆನ್‌ಡ್ರೈವ್. ಎದುರಿಗೆ ಕೂತವರು ಏನನ್ನಾದರೂ ತೆರೆದರೆ ತೊಂದರೆ ಒಳಗೆ ಬರುತ್ತದೆ. ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 109, 2023ರ ಜನವರಿಯದ್ದು. ಅದಾದ ಮೇಲೆ ಬ್ಯಾಂಕಿನ ಸೈಟುಗಳಿಗೆ ಆ ಯಂತ್ರದಿಂದ ಹೋಗುವುದು ಬುದ್ಧಿವಂತಿಕೆ ಅಲ್ಲ. ಆದರೆ ಈ ಬಾಗಿಲನ್ನು ಮುಚ್ಚಬಹುದು. ಇಂಟರ್ನೆಟ್ ತೆಗೆದರೆ ಡಿಟಿಪಿ ಯಂತ್ರಕ್ಕೆ ಏನೂ ನಷ್ಟ ಇಲ್ಲ, ಲಗ್ನಪತ್ರಿಕೆ ಹಾಗೆಯೇ ಮುದ್ರಣವಾಗುತ್ತದೆ.

ಸರ್ವರ್ ಇರುವುದೇ ಬಾಗಿಲು ತೆರೆದುಕೊಂಡು ಕೂರಲಿಕ್ಕೆ. ಯಾರು ಬಂದು ತಟ್ಟಿದರೂ ಅದು ಉತ್ತರ ಕೊಡಬೇಕು. ಯಾರೂ ಏನೂ ಕ್ಲಿಕ್ ಮಾಡಬೇಕಿಲ್ಲ. 2017ರ ಮೇ 12ರಂದು ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಅನ್ನುವ ಕುತಂತ್ರಾಂಶ ಬಂದದ್ದು ಹೀಗೇ, ಫೈಲ್ ಹಂಚಿಕೆಯ ಹಳೇ ಭಾಷೆಯಾದ ಎಸ್‌ಎಂಬಿ 1ರ ಒಂದು ತೂತಿನಿಂದ, 445ನೇ ಪೋರ್ಟ್ ಅನ್ನುವ ನೆಟ್‌ವರ್ಕ್ ಬಾಗಿಲ ಮೂಲಕ. ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದ ಯಂತ್ರಗಳಿಗೆ ಬಡಿಯಿತು. ಆಗಲೇ ಬೆಂಬಲ ಮುಗಿದಿದ್ದ ಎಕ್ಸ್‌ಪಿ ಮತ್ತು ಸರ್ವರ್ 2003ಕ್ಕೂ ಮೈಕ್ರೋಸಾಫ್ಟ್ ಅಪ್‌ಡೇಟ್ ಕೊಡಬೇಕಾಯಿತು ಅಂದರೆ ಗಂಭೀರತೆ ಊಹಿಸಿ. 2019ರ ಮೇನಲ್ಲಿ ಬ್ಲೂಕೀಪ್ ಅನ್ನುವ ಇನ್ನೊಂದು ತೂತು ಕಂಡಿತು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ. ಎಕ್ಸ್‌ಪಿ, ವಿಂಡೋಸ್ 7, ಸರ್ವರ್ 2003, 2008, 2008 ಆರ್2 ಎಲ್ಲದರಲ್ಲೂ ಇತ್ತು ಅದು.

ಈ ತೂತುಗಳು ಡೆಸ್ಕ್‌ಟಾಪ್‌ನಲ್ಲೂ ಇದ್ದವು, ವಾನಾಕ್ರೈಗೆ ಬಲಿಯಾದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7ರವೇ. ನಿಜ. ಆದರೆ ಡೆಸ್ಕ್‌ಟಾಪ್‌ನಲ್ಲಿ ಫೈಲ್ ಷೇರಿಂಗನ್ನೂ ರಿಮೋಟ್ ಡೆಸ್ಕ್‌ಟಾಪನ್ನೂ ಆಫ್ ಮಾಡಿದರೆ ಯಂತ್ರ ಇನ್ನೂ ಕೆಲಸಕ್ಕೆ ಬರುತ್ತದೆ. ಸರ್ವರ್‌ನಲ್ಲಿ ಅವನ್ನು ಆಫ್ ಮಾಡಿದರೆ ಉಳಿಯುವುದೇನು, ಪೆಟ್ಟಿಗೆ ಮತ್ತು ಫ್ಯಾನಿನ ಸದ್ದು.

ನಮ್ಮ ಕಡೆ ಒಂದು ಕೆಟ್ಟ ಅಭ್ಯಾಸ ಇದೆ. ಮಾಲೀಕರು ಮನೆಯಿಂದಲೇ ಲೆಕ್ಕ ನೋಡಲಿ ಅಂತ ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟ್ ತೆರೆದಿಡುತ್ತಾರೆ. ಹಳೇ ಸರ್ವರನ್ನು ಹೀಗೆ ಹೊರಗಿನ ಜಗತ್ತಿಗೆ ತೆರೆದಿಡುವುದಕ್ಕಿಂತ ತಿಜೋರಿಯ ಕೀಲಿಯನ್ನು ಅದರಲ್ಲೇ ಬಿಟ್ಟು ಹೋಗುವುದು ವಾಸಿ. ಅಲ್ಲಿ ಕಳ್ಳ ಕನಿಷ್ಠ ವಿಜಯಪುರಕ್ಕೆ ಬರಬೇಕು.

ವಿಂಡೋಸ್ 10ರವರಿಗೆ ಒಂದು ಆಸೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಅದಿಲ್ಲದ ಯಂತ್ರಗಳು ಊರ ತುಂಬ ಇವೆ. ಇಲ್ಲಿ ಜೋಡಿಗಳ ಆಯುಸ್ಸು ಒಂದೇ ಅಲ್ಲ. ಸರ್ವರ್ 2016 ಇರುವುದು 2027ರ ಜನವರಿ 12ರವರೆಗೆ, ಸರ್ವರ್ 2019 ಇರುವುದು 2029ರ ಜನವರಿ 9ರವರೆಗೆ. ಹಾಗಾದರೆ ಹಳೇ ಯಂತ್ರಕ್ಕೆ ಸರ್ವರ್ 2019 ಹಾಕಿ ಅಷ್ಟು ವರ್ಷ ಅಪ್‌ಡೇಟ್ ಪಡೆಯಬಹುದಲ್ವಾ?

ತಾಂತ್ರಿಕವಾಗಿ ಆಗುತ್ತದೆ. ದುಡ್ಡಿನ ಲೆಕ್ಕದಲ್ಲಿ ಆಗುವುದಿಲ್ಲ. 2016ರಿಂದ ಸರ್ವರ್ ಲೈಸೆನ್ಸ್ ಪ್ರೊಸೆಸರಿನ ಒಳಗಿನ ಕೋರ್ ಲೆಕ್ಕದಲ್ಲಿ, ನಿಮ್ಮ ಯಂತ್ರದಲ್ಲಿ ನಾಲ್ಕೇ ಕೋರ್ ಇದ್ದರೂ ಕನಿಷ್ಠ 16 ಕೋರ್‌ಗೆ ದುಡ್ಡು ಕಟ್ಟಬೇಕು. ಮೇಲೆ ಕ್ಯಾಲ್. ಆ ದುಡ್ಡಿಗೆ ಹೊಸ ಯಂತ್ರವೇ ಸಿಗುತ್ತದೆ. ಕದ್ದ ಪ್ರತಿ ಹಾಕಿಕೊಂಡು ಭದ್ರತೆಯ ಮಾತಾಡುವುದು ನನಗಂತೂ ನಗೆ ತರಿಸುತ್ತದೆ.

ಹಾಗಾದರೆ ಏನು ಮಾಡುವುದು

ತಿಕೋಟಾ ಕಡೆಯ ಒಣದ್ರಾಕ್ಷಿ ತರಿಸಿ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಮಾರುವ ಒಂದು ಆಫೀಸು ಅಂದುಕೊಳ್ಳಿ. ನಾಲ್ಕು ಕಂಪ್ಯೂಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಎಲ್ಲರಿಗೂ ಬೇಕಾದ ಒಂದು ಫೋಲ್ಡರ್. ಹಳೇ ತೂಕದ ಪ್ರೋಗ್ರಾಮ್ ವಿಂಡೋಸ್ 7ರಲ್ಲಿ ಮಾತ್ರ ನಡೆಯುತ್ತದೆ.

ಆ ಪ್ರೋಗ್ರಾಮ್ ಇರುವ ಯಂತ್ರಕ್ಕೆ ವಿಂಡೋಸ್ 7 ಡೆಸ್ಕ್‌ಟಾಪ್ ಇರಲಿ. ಐಪಿ ವಿಳಾಸವನ್ನು ಕೈಯಾರೆ ಕೊಡಿ, ಗೇಟ್‌ವೇ ಮತ್ತು ಡಿಎನ್‌ಎಸ್ ಜಾಗ ಖಾಲಿ ಬಿಡಿ. ಆಗ ಒಳಗಿನ ಪ್ರಿಂಟರ್, ಫೋಲ್ಡರ್ ಸಿಗುತ್ತವೆ, ಇಂಟರ್ನೆಟ್ ಸಿಗುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಆಫ್ ಮಾಡಿ, ಎಸ್‌ಎಂಬಿ 1 ನಿಲ್ಲಿಸಿ. ವಿಂಡೋಸ್ 7ಕ್ಕೆ ಎಸ್‌ಎಂಬಿ 2.1 ಬರುತ್ತದೆ, ಏನೂ ಕೆಡುವುದಿಲ್ಲ.

ಎಲ್ಲರೂ ಬಳಸುವ ಫೋಲ್ಡರ್ ಮಾತ್ರ ಹಳೇ ಆಪರೇಟಿಂಗ್ ಸಿಸ್ಟಮ್ ಮೇಲೆ ಬೇಡ. ಮೂಲೆಯ ಹಳೇ ಯಂತ್ರ 64 ಬಿಟ್ ಆಗಿದ್ದರೆ ಉಬುಂಟು ಸರ್ವರ್ 24.04 ಹಾಕಿ ಸಾಂಬಾ ಸೇರಿಸಿ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಬರೀ 32 ಬಿಟ್ ಆದರೆ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನ 12ನೇ ಆವೃತ್ತಿ ಹಾಕಿ, ಯಾಕೆಂದರೆ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಬರುವುದಿಲ್ಲ. ಈಗಾಗಲೇ ಉಬುಂಟು 18.04 ಇದ್ದು ಬದಲಿಸಲು ಆಗದಿದ್ದರೆ ಉಬುಂಟು ಪ್ರೋದಲ್ಲಿ ನೋಂದಾಯಿಸಿ, 2028ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಸ್ವಂತ ಬಳಕೆಗೆ 5 ಯಂತ್ರದವರೆಗೆ ಉಚಿತ.

ಒಂದು ಕಡೆ ಮಾತ್ರ ಎಚ್ಚರ. ಆಫೀಸಿನಲ್ಲಿ ಎಕ್ಸ್‌ಪಿ ಇನ್ನೂ ಇದ್ದರೆ ಅದಕ್ಕೆ ಎಸ್‌ಎಂಬಿ 1 ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಸಾಂಬಾ 4.11ರಿಂದ ಅದನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ, ವಿಂಡೋಸ್ 10 ಕೂಡ 2017ರ ಕೊನೆಯ ಆವೃತ್ತಿಯಿಂದ ಅದನ್ನು ಹಾಕುವುದಿಲ್ಲ. ಹೊಸ ಲ್ಯಾಪ್‌ಟಾಪ್ ತಂದ ದಿನವೇ "ಹಳೇ ಫೋಲ್ಡರ್ ತೆರೀವಲ್ದು" ಅನ್ನುವ ಕೂಗು ಏಳುವುದು ಇದಕ್ಕೇ. ಎಲ್ಲರಿಗೂ ಎಸ್‌ಎಂಬಿ 1 ತೆರೆದುಕೊಡುವ ಬದಲು ಆ ಎಕ್ಸ್‌ಪಿಯ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಿ, ಯಂತ್ರದಿಂದ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ.